ಜೀಪಿನ ಮೇಲಿನ ಕೈಗುರುತು

ಭತ್ತದ ಸುಗ್ಗಿ ಬಂತೆಂದರೆ ಸಿಂಧನೂರಿನ ಬಜಾರಿನಲ್ಲಿ ನೆಲವೇ ಕಾಣುವುದಿಲ್ಲ. ಎತ್ತ ನೋಡಿದರೂ ಟ್ರ್ಯಾಕ್ಟರು, ಲಾರಿ, ಮೋಟರ್‌ಸೈಕಲ್ಲು. ನಿಲ್ಲಿಸಿದವರು ಆರಾಮಾಗಿ ಚಹಾ ಕುಡಿಯುತ್ತಿರುತ್ತಾರೆ, ನಡೆಯುವವರು ಬೈದುಕೊಂಡು ಸಂದಿ ಹುಡುಕುತ್ತಾರೆ. ಇದು ತೊಂಬತ್ತರ ದಶಕದ ಮಾತು. ಬೀಜ-ಗೊಬ್ಬರದ ಅಂಗಡಿಯ ಆದಪ್ಪನ ಜೀಪು ಬೆಳಿಗ್ಗೆ ಬೇವಿನ ಮರದಡಿ ನಿಂತಿತೆಂದರೆ ಅಂಗಡಿ ಮುಚ್ಚುವವರೆಗೂ ಅಲ್ಲಾಡುತ್ತಿರಲಿಲ್ಲ. ಆ ಮರದಡಿಯೇ ಸಾಲಗುಂದದ ಬಸ್ಸಿನ ಸ್ಟಾಪು. ಅದು ಆದಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ವರ್ಷ ಪುರಸಭೆ ಸದಸ್ಯೆ ಗುರುಲಿಂಗಮ್ಮ ಒಂದು ಮಾತು ತೆಗೆದರು. ಬಜಾರಿನಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ಕರ ಹಾಕೋಣ, ಆ ದುಡ್ಡಿನಲ್ಲಿ ಸಂಜೆ ಹೊತ್ತು ಸಾಲಗುಂದ, ದಢೇಸುಗೂರಿನ ಕಡೆ ಇನ್ನೊಂದು ಬಸ್ಸು ಓಡಿಸೋಣ, ಸ್ಟಾಪನ್ನು ಮಾತ್ರ ಯಾರಿಗೂ ಕೊಡದೆ ಖಾಲಿ ಇಡೋಣ ಎಂದರು. ಅಂಗಡಿಯವರಿಗೆಲ್ಲ ಮೈ ಉರಿಯಿತು. ಆದಪ್ಪನ ದನಿಯೇ ಎಲ್ಲರಿಗಿಂತ ಜೋರು.

"ನಿಂತದ್ದಕ್ಕೂ ರೊಕ್ಕ ಅಂದ್ರ ನಾಳಿ ನೆಳ್ಳಿಗೂ ಕೇಳ್ತೀರಿ. ನಾ ಏನು ಬಸ್ಸು ಹತ್ತಾಂವೇನ್ರೀ?"

ಅವನು ಒಪ್ಪದೆ ಬಜಾರು ಒಪ್ಪುವಂತಿರಲಿಲ್ಲ. ಸಭೆ ಮುಂದಕ್ಕೆ ಹೋಯಿತು.

ಜೀಪಿನ ಮೇಲೆ ಕೈಗುರುತು ಮೂಡತೊಡಗಿದ್ದು ಅದೇ ದಿನಗಳಲ್ಲಿ. ಒಂದು ಸಂಜೆ ಅಂಗಡಿ ಮುಚ್ಚಿ ಬಂದವನು ನೋಡಿದರೆ, ರಸ್ತೆಯ ಕಡೆಯ ಮಗ್ಗುಲಿನಲ್ಲಿ ಧೂಳಿನ ಮೇಲೆ ಬೆರಳು ಬಿಡಿಸಿ ಒತ್ತಿದ ಒಂದು ಅಂಗೈ. ಒರೆಸಿದ. ಮರುದಿನ ಮತ್ತೆ ಮೂಡಿತ್ತು, ಅದರ ಪಕ್ಕದಲ್ಲಿ ಇನ್ನೊಂದು. ಅಂಗಡಿಯ ಕಟ್ಟೆಯಿಂದ ಆ ಮಗ್ಗುಲು ಕಾಣುತ್ತಿರಲಿಲ್ಲ. ಸುತ್ತ ಕೇಳಿದರೆ ಯಾರೂ ಕಂಡವರಿಲ್ಲ. ಗಾಳಿ ಅಲ್ಲಾಡದ ಸಂಜೆಗಳಲ್ಲಿ, ಬಲ್ಬು ಹೊತ್ತುವ ಹೊತ್ತಿಗೆ, ಯಾರೋ ಜೀಪನ್ನು ಹಿಡಿದು ನಿಂತು ಹೋದ ಹಾಗೆ. ಆದಪ್ಪನಿಗೆ ಹೆದರಿಕೆ ಹತ್ತಿತು.

ಆಗ ಅವನಿಗೆ ನೆನಪಾದದ್ದು ಹರಕೆ. ವ್ಯಾಪಾರ ಚೆನ್ನಾಗಿ ಆದರೆ ಪೀರಲ ದೇವರಿಗೆ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸುತ್ತೇನೆಂದು ಮೊಹರಂನಲ್ಲಿ ಬೇಡಿಕೊಂಡಿದ್ದ. ವ್ಯಾಪಾರ ಆಯಿತು, ಸಕ್ಕರೆ ಮರೆತುಹೋಯಿತು. ಪೀರಲ ದೇವರೆಂದರೆ ಪಂಜಾ, ಬೆಳ್ಳಿಯ ಕೈ. ಇದು ದೇವರ ಕೈಯೇ ಎಂದು ಅವನಿಗೆ ಖಾತ್ರಿಯಾಯಿತು. ಅಂದಿನಿಂದ ಗುರುತು ಒರೆಸುವುದನ್ನು ಬಿಟ್ಟ. ಜೀಪಿಗೆ ಊದಿನ ಹೊಗೆ ಹಾಕಿದ, ಮೊಲ್ಲೆಹಾರ ಕಟ್ಟಿದ. ಗುರುತು ಮೂಡುವ ಜಾಗ ಬದಲಾಗಬಾರದೆಂದು ದಿನವೂ ಅದೇ ಮರದಡಿ, ಒಂದು ಗೇಣು ಆಚೀಚೆ ಆಗದಂತೆ ನಿಲ್ಲಿಸಿದ. ಕೈಗಳು ಮಾತ್ರ ಹೆಚ್ಚುತ್ತಲೇ ಹೋದವು.

ಕೊನೆಗೆ ತನ್ನೂರಿನಲ್ಲಿ ಪಂಜಾ ಹೊರುವ ಇಮಾಮ್‌ಸಾಬನನ್ನು ಕರೆಸಿದ. ಮುದುಕ ಬಂದಾಗ ಸಂಜೆಯಾಗಿತ್ತು. ಸಾಲಗುಂದದ ಬಸ್ಸು ನಿಲ್ಲದೆ ಹೋಗಿ ಅರ್ಧ ತಾಸಾಗಿತ್ತು. ಸಕ್ಕರೆಯ ತಟ್ಟೆ ಹಿಡಿದು ರಸ್ತೆಯ ಕಡೆಗೆ ಬಂದ ಇಮಾಮ್‌ಸಾಬ್ ಒಂದು ಗುರುತಿನ ಮುಂದೆ ಬಾಗಿ ಬಹಳ ಹೊತ್ತು ನೋಡಿದ. ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟ.

"ಆದಪ್ಪ, ಪಂಜಾಕ್ಕ ಐದು ಬೆರಳು ಇರ್ತಾವು. ಇದಕ್ಕ ತೋರಬೆರಳಿಲ್ಲ ನೋಡು. ಇದು ದೇವರದಲ್ಲ, ಮನಷ್ಯಾರ ಕೈ. ಬೆವರಿನ ಕಲಿ ಇನ್ನಾ ಹೊಸದೈತಿ."

ಆದಪ್ಪ ತಾನೂ ಬಾಗಿ ನೋಡಿದ. ತೋರುಬೆರಳಿಲ್ಲದ ಆ ಕೈ ಅವನಿಗೆ ಗೊತ್ತಿತ್ತು. ಅವನನ್ನು ಎತ್ತಿ ಆಡಿಸಿದ ಕೈ ಅದು. ಅಕ್ಕ ಹುಸೇನಮ್ಮ ಚಿಕ್ಕಂದಿನಲ್ಲಿ ಮೇವು ಕತ್ತರಿಸುವಾಗ ಬೆರಳು ಕಳೆದುಕೊಂಡಿದ್ದಳು. ಗಂಡ ಸತ್ತ ಮೇಲೆ ಅವಳು ಸಾಲಗುಂದದಿಂದ ಇಲ್ಲಿನ ರೈಸ್ ಮಿಲ್ಲಿಗೆ ಕೂಲಿಗೆ ಬರುತ್ತಿದ್ದಳು. ಬಿಟ್ಟುಬಿಡು ಎಂದು ಇವನು ಒಮ್ಮೆ ಹೇಳಿದ್ದ. ಬಿಟ್ಟಿರಬೇಕು ಎಂದುಕೊಂಡು ಮತ್ತೆ ಕೇಳಿರಲಿಲ್ಲ.

ಬಸ್ಸು ನಿಲ್ಲದೆ ಹೋದ ಮೇಲೆ ಅಕ್ಕ ನಡೆದೇ ಹೋಗಿರಬೇಕೆಂದು ಹೊಳೆದದ್ದೇ ಹಾರ ಕಟ್ಟಿದ ಜೀಪನ್ನೇ ಹತ್ತಿ, ಇಮಾಮ್‌ಸಾಬನನ್ನು ಕೂರಿಸಿಕೊಂಡು ಸಾಲಗುಂದದ ದಾರಿ ಹಿಡಿದ. ಕಾಲುವೆಯ ಪಕ್ಕದ ದಾರಿ ಅದು. ಒಂದು ಕಡೆ ನೀರು, ಒಂದು ಕಡೆ ಕೊಯ್ದ ಗದ್ದೆ, ಮೇಲೆ ಹುಲ್ಲು ಸುಟ್ಟ ಹೊಗೆ. ಮಬ್ಬಿನಲ್ಲಿ ಯಾರ ಸುಳಿವೂ ಇರಲಿಲ್ಲ. ಒಮ್ಮೆಲೇ ಲೈಟಿನ ಬೆಳಕಿಗೆ ಒಂದು ಕೈ ಎದ್ದಿತು. ಮೈ ಕಾಣುತ್ತಿರಲಿಲ್ಲ, ಮುಖ ಕಾಣುತ್ತಿರಲಿಲ್ಲ. ಹೊಗೆಯೊಳಗಿಂದ ನಾಲ್ಕು ಬೆರಳಿನ ಕೈ ಮಾತ್ರ, ನಿಲ್ಲು ಎಂದು.

ಆದಪ್ಪ ಬ್ರೇಕು ಹಾಕಿದ. ಜೀಪಿನಿಂದ ಇಳಿದ.

ಹುಸೇನಮ್ಮನ ಸೀರೆ ಎದೆಯವರೆಗೆ ಒದ್ದೆಯಾಗಿತ್ತು. ಜೊತೆಗಾರ್ತಿ ಗ್ಯಾನಮ್ಮ ಕಾಲುವೆಯ ಏರಿಯ ಮೇಲೆ ಮುದ್ದೆಯಾಗಿ ಕೂತು ನೀರು ಕಾರುತ್ತಿದ್ದಳು. ಎದುರು ಬಂದ ಲಾರಿಗೆ ದಾರಿ ಬಿಡಲು ಹೋಗಿ ಕಾಲುವೆಗೆ ಜಾರಿದ್ದಳಂತೆ. ಹುಸೇನಮ್ಮ ಹಿಂದೆಯೇ ಇಳಿದು ಎಳೆದುಕೊಂಡಿದ್ದಳು.

"ಇವತ್ತು ಕೈಗೆ ಸಿಕ್ಕಳು ತಮ್ಮಾ," ಎಂದಳು. "ದಿನಾ ನಿನ್ನ ಜೀಪು ಹಿಡ್ಕೊಂಡು, ಬಸ್ಸು ಬಂತೇನಂತ ಇಣಿಕಿ ನೋಡ್ತೀವಿ. ಗಾಡಿ ಸಂದ್ಯಾಗ ನಿಂತ ನಾವು ಡ್ರೈವರಗ ಕಾಣಂಗಿಲ್ಲ. ಕಂಡ್ರೂ ನಿಲ್ಲಾಕ ಅಂವಗ ಜಾಗಾ ಎಲ್ಲೈತಿ?"

"ಯಕ್ಕಾ, ಅಂಗಡಿಗಿ ಯಾಕ ಬರಲಿಲ್ಲ?"

"ಗಿರಾಕಿ ಇರ್ತಾರಲ್ಲೋ. ಕೂಲಿ ಮಾಡೋ ಅಕ್ಕ ಬಂದು ನಿಂತ್ರ ನಿನಗ ಸಣ್ಣತನ."

ಆದಪ್ಪ ಅಲ್ಲಿಯೇ ಅತ್ತ. ದೇವರೆಂದು ಕೈ ಮುಗಿದದ್ದು ಯಾರಿಗೆ, ದಾರಿ ಕಟ್ಟಿ ನಿಂತದ್ದು ಯಾರಿಗೆ ಎಂದು ಅವನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಮುಂದಿನ ಸಭೆಯಲ್ಲಿ ಮೊದಲು ಎದ್ದು ನಿಂತು ಕರ ಒಪ್ಪಿದವನು ಆದಪ್ಪನೇ. ದುಡ್ಡು ಬೇರೆ ಕಡೆ ಹೋದರೆ ಎಂದು ಯಾರೋ ಅಡ್ಡಮಾತು ತೆಗೆದರು. ಎಷ್ಟು ಬಂತು, ಬಸ್ಸಿಗೆ ಎಷ್ಟು ಹೋಯಿತು ಎಂದು ತಿಂಗಳು ತಿಂಗಳು ಬೇವಿನ ಮರಕ್ಕೆ ತೂಗುಹಾಕಿದ ಹಲಗೆಯ ಮೇಲೆ ಬರೆಸುತ್ತೇವೆ, ಓದಿ ಕೇಳಿರಿ ಎಂದರು ಗುರುಲಿಂಗಮ್ಮ. ಕರ ಬಂದ ಮೇಲೆ ಸುಮ್ಮನೆ ನಿಲ್ಲುತ್ತಿದ್ದ ಗಾಡಿಗಳು ತಾವಾಗಿಯೇ ಕಡಿಮೆಯಾದವು. ಸ್ಟಾಪು ಖಾಲಿಯಾಯಿತು, ಸಂಜೆಗೆ ಇನ್ನೊಂದು ಬಸ್ಸು ಬಂತು. ಹುಸೇನಮ್ಮ ಅಂದಿನಿಂದ ಬಸ್ಸು ಬರುವವರೆಗೆ ತಮ್ಮನ ಅಂಗಡಿಯ ಕಟ್ಟೆಯ ಮೇಲೆ ಕೂರತೊಡಗಿದಳು, ಗಿರಾಕಿಗಳ ಮುಂದೆಯೇ.

ಅಣ್ಣಗಳಿರಾ, ಅಕ್ಕಗಳಿರಾ, ಈ ಸಂಜೆ ನಿಮ್ಮ ಗಾಡಿಯ ಆಚೆ ಮಗ್ಗುಲಿಗೂ ಒಮ್ಮೆ ಹೋಗಿ ನೋಡಿರಿ. ಬಜಾರಿನಲ್ಲಿ ಅದು ನಿಂತ ಜಾಗ ಎಲ್ಲರದು. ಅದಕ್ಕೊಂದು ಕರ ಕೊಡಿರಿ, ಆ ಕರ ಬಸ್ಸಿಗೆ ಹೋಯಿತೇ ಎಂದು ಕೇಳಿರಿ. ಧೂಳಿನಲ್ಲಿ ಕೈಗುರುತು ಕಂಡರೆ ಒರೆಸುವ ಮೊದಲು, ಆ ಕೈಯವರು ಮನೆ ಮುಟ್ಟಿದರೇ ಎಂದು ಕೇಳಿರಿ.