ಯಾರ ಮನೆಯ ಉಪ್ಪು

ಅಶ್ವಜಿತನ ಅಜ್ಜಿ ಶೇವಂತಾಬಾಯಿ ನನ್ನನ್ನು ಒಪ್ಪಬೇಕಿತ್ತು. ಅವರು ಒಪ್ಪದಿದ್ದರೆ ಮದುವೆಯಿಲ್ಲ ಎಂದು ಅಶ್ವಜಿತ ಮೊದಲೇ ಹೇಳಿಬಿಟ್ಟಿದ್ದ. ತಾಯಿಯಿಲ್ಲದ ಅವನನ್ನು ಸಾಕಿ, ಓದಿಸಿ, ಔರಾದದಲ್ಲಿ ದನದ ಡಾಕ್ಟರನ್ನಾಗಿ ಮಾಡಿದವರು ಅವರೇ. ಹಾಗಾಗಿ ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ಸಿಟ್ಟು ಬಂದಿತ್ತು. ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಮೂವತ್ತು ದಾಟಿದ್ದೇನೆ, ತಲೆ ಬಗ್ಗಿಸಿ ಕೂರುವುದು ನನ್ನಿಂದಾಗದ ಕೆಲಸ.

ಅಜ್ಜಿ ಈಗಾಗಲೇ ಇಬ್ಬರು ಹುಡುಗಿಯರ ಮನೆಯಲ್ಲಿ ಚಹಾ, ಅವಲಕ್ಕಿ ಚೂಡಾ ಮುಗಿಸಿ ಎದ್ದು ಬಂದಿದ್ದರು. ನಮ್ಮ ಕಡೆ ಮಾತು ಪಕ್ಕಾ ಆಗುವ ತನಕ ಗಂಡಿನವರು ಹೆಣ್ಣಿನ ಮನೆಯ ಉಪ್ಪು ಉಣ್ಣುವುದಿಲ್ಲ. ಚಹಾ ಚೂಡಾ ನಡೆಯುತ್ತದೆ. ಊಟಕ್ಕೆ ಕೈ ಹಾಕಿದರೆ ಮಾತು ಕೊಟ್ಟ ಹಾಗೆಯೇ. ಈ ರಗಳೆಯೇ ಬೇಡವೆಂದು ನಾನೂ ಅಶ್ವಜಿತನೂ ಉಪಾಯ ಮಾಡಿದೆವು. ಯಾರ ಮನೆಯೂ ಬೇಡ, ಬೀದರಿನಲ್ಲಿ ನೌಬಾದ ಕಡೆಯ ಹೊಸ ಶಾಪಿಂಗ್ ಮಾಲಿನ ಚೈನೀಸ್ ಹೋಟೆಲಿನಲ್ಲಿ ಎಲ್ಲರೂ ಕೂತು ಉಣ್ಣೋಣ ಎಂದು. ಅವನೇ ಫೋನು ಮಾಡಿ ಟೇಬಲ್ಲು ಹಿಡಿದಿಟ್ಟ.

ಹೋಟೆಲಿನ ಬಾಗಿಲಲ್ಲಿ ಡೊಳ್ಳು ಹೊಟ್ಟೆಯ, ನಗುವ ಮೂರ್ತಿಯೊಂದು ಕೂತಿತ್ತು. ಶೇವಂತಾಬಾಯಿ ನಿಂತು ನೋಡಿದರು.

"ಇವ್ರಿಗೂ ಬುದ್ಧ ಅಂತಾರ ಆಯಿ," ಎಂದ ಅಶ್ವಜಿತ.

"ನಮ್ಮ ಬುದ್ಧರು ಇಷ್ಟು ಉಣ್ತಿದ್ದಿಲ್ಲ," ಎಂದು ಅವರು ಒಳಗೆ ನಡೆದರು.

ಅದರ ಪಕ್ಕದಲ್ಲೇ ಹೊರಗಿನ ತಿಂಡಿ ತರಬಾರದೆಂಬ ಬೋರ್ಡು. ಅವ್ವನ ಚೀಲದಲ್ಲಿ ಸ್ಟೀಲಿನ ಡಬ್ಬಿಯಿದೆ ಎಂದು ನನಗೆ ಗೊತ್ತಿತ್ತು. "ಅದನ್ನ ಹೊರಗ ತೆಗಿಬ್ಯಾಡ," ಎಂದು ಗದರಿದೆ. ಅವ್ವ ಒಳಗೆ ಬಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಒಳಗೆ ಕೆಂಪು ದೀಪಗಳು, ಮಡಿಚಿಟ್ಟ ಬಟ್ಟೆಗಳು, ನಮ್ಮ ಮೇಜಿನ ಮೇಲೆ 'ಡಾ. ಅಶ್ವಜಿತ' ಎಂದು ಬರೆದ ಚಿಕ್ಕ ಹಲಗೆ. ಬಿಸಿ ಸೂಪು ಬಂತು. ಶೇವಂತಾಬಾಯಿ ಚಮಚ ಎತ್ತಿದರು. ನನ್ನ ಜೀವ ತಣ್ಣಗಾಯಿತು. ಅಷ್ಟರಲ್ಲಿ ನನ್ನಪ್ಪ ನಾಗಸೇನ ಕೈಮುಗಿದು, ಮೈಯೆಲ್ಲ ಮರ್ಯಾದೆಯಾಗಿ ಹೇಳಿದ:

"ಸಂಕೋಚ ಮಾಡಬ್ಯಾಡ್ರಿ ಬಾಯಿ. ಇದು ನಮ್ಮನಿ ಊಟಾನೇ ಅಂತ ತಿಳ್ಕೊಂಡು ಉಣ್ರಿ."

ಚಮಚ ಅರ್ಧದಲ್ಲೇ ನಿಂತು ಕೆಳಗಿಳಿಯಿತು.

"ಹಂಗಾದ್ರ ನನಗ ಚಾ ಸಾಕ್ರಿ."

ಅಶ್ವಜಿತನೂ ತನ್ನ ಚಮಚ ಕೆಳಗಿಟ್ಟ. ನಾನು ಅವನನ್ನು ಸುಟ್ಟುಬಿಡುವಂತೆ ನೋಡಿದೆ. ಅವನು ಮೇಜಿನ ಬಟ್ಟೆ ನೋಡಿದ.

ಹಾಲಿಲ್ಲದ, ಹೂವಿನ ವಾಸನೆಯ ಚಹಾ ಬಂತು. ಹಿಂದೆಯೇ ನೂಡಲ್ಸು, ಮಂಚೂರಿ, ಇಡೀ ಮೀನು. ಯಾರೂ ಮುಟ್ಟಲಿಲ್ಲ. ಶೇವಂತಾಬಾಯಿ ಮಳೆ, ತೊಗರಿ, ಔರಾದದ ರಸ್ತೆ ಎಲ್ಲದರ ಬಗ್ಗೆ ಮಾತಾಡಿದರು, ನನ್ನನ್ನು ಮಾತ್ರ ಏನೂ ಕೇಳಲಿಲ್ಲ.

"ನಾ ಏನ್ ತಪ್ಪಂದೆ?" ಎಂದು ಅಪ್ಪ ಪಿಸುಗುಟ್ಟಿದ.

"ಸುಮ್ಮ ಕೂಡ್ರಿ," ಎಂದಳು ಅವ್ವ.

ನನಗೆ ಹಸಿವೆ, ಸಿಟ್ಟು, ಎರಡಕ್ಕಿಂತ ಹೆಚ್ಚಾಗಿ ಹೆದರಿಕೆ. ಅಶ್ವಜಿತ ನನಗೆ ಬೇಕಾಗಿದ್ದ. ಈ ಅಜ್ಜಿ ಚಹಾ ಮುಗಿಸಿ ಎದ್ದರೆ ಅವನೂ ಹಿಂದೆ ಎದ್ದು ಹೋಗುತ್ತಾನೆ. ಕಪ್ಪಿನಲ್ಲಿ ಇನ್ನು ಎರಡು ಗುಟುಕು ಉಳಿದಿತ್ತು. ನಾನು ಆ ಹೆಸರಿನ ಹಲಗೆಯನ್ನು ಎತ್ತಿ ಅವರ ಮುಂದಿಟ್ಟೆ.

"ಅಜ್ಜಿ, ನಮ್ಮಪ್ಪ ಮರ್ಯಾದಿಗೆ ಹಂಗಂದಾರ. ಕರ್ದವ್ರು ನಿಮ್ಮ ಮೊಮ್ಮಗ. ಹೆಸರು ಅವ್ರದೇ ಅದ ನೋಡ್ರಿ. ಈ ಊಟ ನಿಮ್ಮನಿದು."

"ಹೌದೇನೋ?" ಎಂದು ಅವರು ಅಶ್ವಜಿತನನ್ನು ಕೇಳಿದರು.

"ಹೌದು ಆಯಿ."

"ಹಂಗಿದ್ರ ಉಪ್ಪು ನಿಮ್ದಾತು," ಎಂದೆ. "ಇದನ್ನ ಉಂಡ್ರ ನಾ ಮಾತು ಕೊಟ್ಟಂಗ. ನನಗ ಯಾರೂ ಕೇಳಿಲ್ಲ, ಆದ್ರೂ ಕೊಡ್ತೇನಿ."

ತಟ್ಟೆ ತುಂಬ ನೂಡಲ್ಸು ಹಾಕಿಕೊಂಡೆ. ಫೋರ್ಕು ಬಿಟ್ಟು ಕೈಯಿಂದಲೇ ಉಂಡೆ. ಆರಿ ಅಂಟಂಟಾಗಿತ್ತು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಾನು ನುಂಗುವ ತನಕ ಶೇವಂತಾಬಾಯಿ ನೋಡುತ್ತಲೇ ಇದ್ದರು.

"ಹೆಣ್ಣು ತಾನೇ ಮಾತು ಕೊಟ್ಟಿದ್ದು ನಾ ಎಲ್ಲೂ ನೋಡಿಲ್ಲ," ಎಂದರು. ಆಮೇಲೆ ಅವ್ವನ ಕಡೆ ತಿರುಗಿದರು. "ಬಂದಾಗಿಂದ ನೋಡ್ಲತೀನಿ, ಆ ಚೀಲ ತೊಡಿ ಮ್ಯಾಲಿಂದ ಇಳಿಸಿಲ್ಲ ನೀವು. ಏನದ ಅದ್ರಾಗ?"

"ಶೇಂಗಾ ಹೋಳಿಗಿ ರೀ. ಇಲ್ಲಿ ತೆಗಿಬಾರದಂತ."

"ನಿಮ್ಮನ್ಯಾಗ ಮಾಡಿದ್ದಾ?"

"ಹೌದ್ರಿ, ಕಣಕಕ್ಕ ಚಿಟಿಕಿ ಉಪ್ಪು ಹಾಕಿ ಮುಂಜಾನಿ ನಾನೇ ಮಾಡೀನಿ."

"ತೆಗೀರಿ."

ಡಬ್ಬಿಯ ಮುಚ್ಚಳ ತೆರೆದ ಸದ್ದಿಗೆ ಅಂಗಿಯ ಮೇಲೆ ಉಮೇರ ಎಂಬ ಹೆಸರಿನ ಪಟ್ಟಿಯಿದ್ದ ಬಡಿಸುವ ಹುಡುಗ ಓಡಿ ಬಂದ. "ಅಮ್ಮಾ, ಹೊರಗಿಂದು ಇಲ್ಲಿ ಮನಾ ಅದ್ರಿ, ತೆಗಿಬ್ಯಾಡ್ರಿ."

ಅಷ್ಟರಲ್ಲಿ ಅರ್ಧ ಹೋಳಿಗೆ ಶೇವಂತಾಬಾಯಿಯ ಬಾಯಿಯಲ್ಲಿತ್ತು. ತಡಿ ಎಂದು ಅವನಿಗೆ ಕೈ ತೋರಿಸಿ, ನಿಧಾನ ಅಗಿದು ನುಂಗಿದರು. ಉಳಿದ ಅರ್ಧವನ್ನು ನನ್ನ ತಟ್ಟೆಗೆ ಹಾಕಿದರು. ನನಗೆ ಕಣ್ಣು ತುಂಬಿ ಬಂತು. ಅಶ್ವಜಿತ ಈಗ, ಪುಣ್ಯಾತ್ಮ, ಚಮಚ ಎತ್ತಿದ.

"ಮದಿವಿ ಮಾತಾತು ಬೇಟಾ, ನೀನೂ ಒಂದು ತಗೋ," ಎಂದು ಅವರು ಉಮೇರನ ಕೈಗೆ ಹೋಳಿಗೆ ಕೊಟ್ಟರು. ಇನ್ನೊಂದು ಕೈಯಿಂದ ಆರಿದ ಸೂಪಿನ ಬಟ್ಟಲು ಅವನತ್ತ ಸರಿಸಿದರು. "ಇದನ್ನ ಒಯ್ದು ಬಿಸಿ ಮಾಡ್ಕೊಂಡು ಬಾ. ನಾ ಇನ್ನಾ ಉಂಡಿಲ್ಲ."