ಬೆಳ್ಳಕ್ಕಿ ಕೂತ ಕಂಬ

೧

ಎಲ್ಲಿಂದ ಶುರು ಮಾಡುವುದು ಎಂಬ ವಿಷಯದಲ್ಲಿ ನನಗೂ ಕಥಾನಾಯಕನಿಗೂ ಮೊದಲ ದಿನವೇ ಜಟಾಪಟಿಯಾಯಿತು. ನಾನು ಅವನ ಬಾಲ್ಯದಿಂದ ಶುರು ಮಾಡಿದ್ದೆ: ಒಂದು ಭೂತಗನ್ನಡಿ, ಅದರಡಿ ಆನೆಯಷ್ಟು ದೊಡ್ಡದಾದ ಇರುವೆ, ಕಣ್ಣರಳಿಸಿದ ಹುಡುಗ. ಎರಡು ಪುಟ ಸೊಗಸಾಗಿಯೇ ಬಂದಿತ್ತು. ಅವನು ಓದಿ, ನಮ್ಮನೇಲಿ ಭೂತಗನ್ನಡಿ ಇರಲೇ ಇಲ್ವಲ್ಲ ಎಂದ. ಎರಡೂ ಪುಟ ಕಸದಬುಟ್ಟಿ ಸೇರಿದವು.

ಹಾಗಾಗಿ ಗಿರಣಿಯಿಂದ ಶುರು ಮಾಡುತ್ತೇನೆ. ಅವನದು ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ. ಮಧ್ಯಾಹ್ನದವರೆಗೆ ಕಾಳು ಬೀಸುತ್ತಾನೆ. ಆಮೇಲೆ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, ಬಿಸ್ಕತ್ತಿನ ಡಬ್ಬಿಯಿಂದ ಕ್ಯಾಮೆರಾ ತೆಗೆದು ಹೆಗಲಿಗೇರಿಸಿ ಹೊರಡುತ್ತಾನೆ. (ಡಬ್ಬಿಯನ್ನು ಪ್ರತಿಮೆಯಾಗಿ ಬಳಸಿಕೊಳ್ಳುವ ಚಪಲ ನನಗಿತ್ತು. ಬಿಟ್ಟಿದ್ದೇನೆ. ಅದು ಡಬ್ಬಿ, ಅಷ್ಟೇ.) ಇಪ್ಪತ್ತೆರಡು ವರ್ಷಗಳಲ್ಲಿ ಅವನು ಊರಿನ ಆಚೆ ಒಂದೇ ಒಂದು ಫೋಟೋ ಹಿಡಿದಿಲ್ಲ. ನಡೆಯಲು ಕಲಿತ ಕೂಸು, ಹೊಸದಾಗಿ ತೋಡಿದ ಬಾವಿ, ಬಿದ್ದ ಗೋಡೆ, ಬೆಳ್ಳಕ್ಕಿ. ಜನ ಅವನನ್ನು ಕರೆಯುವುದೇ 'ಕ್ಯಾಮೆರಾ' ಎಂದು. ಊರಲ್ಲಿರೋದೆಲ್ಲ ಇವರ ಕಣ್ಣಿಗೆ ಬೀಳತ್ತೆ, ನಮ್ಮನೆ ಮಾಡು ಸೋರೋದೊಂದು ಬಿಟ್ಟು ಎನ್ನುವುದು ಅವನ ಹೆಂಡತಿಯ ಮಾತು.

೨

ಗಿರಣಿಯ ಗೋಡೆಯ ಮೇಲೆ ಆರು ವರ್ಷದಿಂದ ಒಂದು ಫೋಟೋ ತೂಗುತ್ತಿತ್ತು. ಬೇಲಿಯ ಕಲ್ಲುಕಂಬ, ಅದರ ತುದಿಯಲ್ಲಿ ಒಂಟಿಗಾಲಲ್ಲಿ ನಿಂತ ಬೆಳ್ಳಕ್ಕಿ. ಅದರ ಮೇಲೆ ಹಿಟ್ಟು ಕೂರುತ್ತಿತ್ತು, ಅವನು ಒರೆಸುತ್ತಿದ್ದ. ಯಾರೂ ಅದನ್ನು ನಿಂತು ನೋಡಿದವರಲ್ಲ.

ನೋಡಿದವಳು ಟೈಲರಮ್ಮ. ಊರಿನವರ ಬಟ್ಟೆ ಹೊಲಿಯುವ ಒಂಟಿ ಹೆಂಗಸು. ಕಾಳಿನ ಚೀಲ ಸರದಿಯಲ್ಲಿಟ್ಟು ಕಾಯುತ್ತಿದ್ದವಳು ಎದ್ದು ಹೋಗಿ, ಸೂಜಿಗೆ ದಾರ ಪೋಣಿಸುವವಳಂತೆ ಕಣ್ಣು ಕಿರಿದು ಮಾಡಿ ನಿಂತಳು.

"ಗಿರಣಿಯವರೇ, ಈ ಹಕ್ಕಿ ಕೂತಿರೋದು ಎಲ್ಲಿ?"

ಅವನಿಗೆ ಹಿಗ್ಗು. ಆ ಹಕ್ಕಿಗಾಗಿ ಒಂದೂವರೆ ಗಂಟೆ ಮೊಣಕಾಲೂರಿ ಕೂತಿದ್ದನ್ನು ವಿವರಿಸತೊಡಗಿದ. ಅವಳು ಹಕ್ಕಿಯನ್ನು ನೋಡುತ್ತಲೇ ಇರಲಿಲ್ಲ. ಕಂಬದ ಆಚೆಗೆ ಹುಣಸೆಮರವಿತ್ತು, ಮರದ ಆಚೆಗೆ ಅವಳ ಮನೆಯ ನೀಲಿ ಬಾಗಿಲು. ಈಗ ಹೋಗಿ ನೋಡಿದರೆ ಕಂಬ ಮರಕ್ಕೂ ಬಾಗಿಲಿಗೂ ನಡುವೆ ನಿಂತಿದೆ. ಮೂರು ವರ್ಷದ ಹಿಂದೆ ಗಾಳಿಗೆ ಬಿದ್ದ ಬೇಲಿಯನ್ನು ಮತ್ತೆ ಕಟ್ಟುವಾಗ ಅದು ನಾಲ್ಕು ಮಾರು ನಡೆದುಬಿಟ್ಟಿತ್ತು, ಮರವನ್ನೂ ಕಂಕುಳಲ್ಲಿ ಇಟ್ಟುಕೊಂಡು. ಕಟ್ಟಿದವನು ಪಕ್ಕದ ಹೊಲದವನು, ಅಂದರೆ ಕ್ಯಾಮೆರಾನ ಸ್ವಂತ ಅಣ್ಣ. ಅವಳು ಸರ್ವೆಯವರನ್ನು ಕೇಳಿದರೆ, ಹಳೆ ನಕ್ಷೆಯಲ್ಲಿ ಆ ಮೂಲೆಯನ್ನೇ ಗೆದ್ದಲು ತಿಂದಿದೆ, ಬೇರೆ ಪುರಾವೆ ಇದ್ದರೆ ತನ್ನಿ ಎಂದಿದ್ದರಂತೆ.

ಇದರದೊಂದು ಕಾಪಿ ಕೊಡಿ ಎಂದಳು ಟೈಲರಮ್ಮ. ನೋಡೋಣ ಎಂದ ಅವನು. ಸರದಿಯಲ್ಲಿ ಇನ್ನೂ ನಾಲ್ಕು ಜನರಿದ್ದರು. ಗಿರಣಿ ಕಾಳನ್ನು ಬೀಸುವುದಕ್ಕಿಂತ ಊರು ಸುದ್ದಿಯನ್ನು ನುಣ್ಣಗೆ ಬೀಸುತ್ತದೆ.

೩

ಅಣ್ಣನನ್ನು ಮೊದಲ ಡ್ರಾಫ್ಟಿನಲ್ಲಿ ಖಳನಾಯಕನನ್ನಾಗಿ ಬರೆದಿದ್ದೆ. ದಪ್ಪ ಮೀಸೆ, ಕೆಂಪು ಕಣ್ಣು. ಕ್ಯಾಮೆರಾ ಓದಿ ಕಾಗದವನ್ನು ಮೇಜಿನ ಮೇಲಿಟ್ಟ.

"ನಮ್ಮಣ್ಣನ್ನ ಹೀಗೆ ಬರೀಬೇಡಿ. ಅವನಿಗೆ ಮೀಸೇನೇ ಇಲ್ಲ."

(ಓದುಗರೇ, ಪಾತ್ರಗಳನ್ನು ತಲೆಯ ಮೇಲೆ ಕೂರಿಸಿಕೊಂಡರೆ ಹೀಗೇ ಆಗುವುದು.) ಆಮೇಲೆ ತಾನಾಗಿ ಹೇಳಿದ: ಅಪ್ಪ ಹೋದಾಗ ತನಗೆ ಒಂಬತ್ತು ವರ್ಷ. ಅಣ್ಣ ಶಾಲೆ ಬಿಟ್ಟು ಗಿರಣಿಗೆ ನಿಂತ. ತಾನು ದೊಡ್ಡವನಾದ ಮೇಲೆ, ನಿನಗೆ ಬಿಸಿಲು ಆಗಲ್ಲ, ನೆರಳಿನ ಕೆಲಸ ನೀನಿಟ್ಟುಕೋ ಎಂದು ಗಿರಣಿಯನ್ನು ಬಿಟ್ಟುಕೊಟ್ಟು ಅವನು ಹೊಲಕ್ಕಿಳಿದ.

ಟೈಲರಮ್ಮ ಕಾಪಿ ಕೇಳಿದ ದಿನ ಸಂಜೆಯೇ ಅಣ್ಣ ಗಿರಣಿಗೆ ಬಂದ. ಕೂರಲಿಲ್ಲ. ಗೋಡೆಯ ಕಡೆ ಗದ್ದ ತೋರಿಸಿ, "ಆ ಫೋಟೋ ತೆಗಿ" ಎಂದ.

"ತೆಗೆದಾಗಿದೆಯಲ್ಲಣ್ಣ, ಆರು ವರ್ಷದ ಹಿಂದೇನೇ."

ತಮಾಷೆಗೆ ಅಂದದ್ದಲ್ಲ, ಗಾಬರಿಯಲ್ಲಿ ಬಾಯಿಗೆ ಬಂದದ್ದು. ನಮ್ಮ ಭಾಷೆಯೇ ಹಾಗೆ, ಫೋಟೋವನ್ನು ಹುಟ್ಟಿಸುವುದಕ್ಕೂ ಗೋಡೆಯಿಂದ ಇಳಿಸುವುದಕ್ಕೂ ಒಂದೇ ಕ್ರಿಯಾಪದ ಕೊಟ್ಟು ಕೈತೊಳೆದುಕೊಂಡಿದೆ. ಅಣ್ಣ ನಗಲಿಲ್ಲ. ಚಿಕ್ಕವನಿದ್ದಾಗ ಆ ಮರಕ್ಕೆ ದಿನಾ ಎರಡು ಕೊಡ ನೀರು ಹೊಯ್ದವನು ನಾನು, ಅದು ನನ್ನದಲ್ಲ ಅಂತ ಹಕ್ಕಿ ಹೇಳಬೇಕಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

೪

ಇಲ್ಲಿ ನಾನು ಎರಡು ಮುಕ್ತಾಯಗಳನ್ನು ಬರೆದೆ.

ಒಂದು: ಅವನು ಫೋಟೋವನ್ನು ಒಲೆಗೆ ಹಾಕುತ್ತಾನೆ, ಕಂಪ್ಯೂಟರಿನಲ್ಲಿದ್ದುದನ್ನು ಡಿಲೀಟ್ ಮಾಡುತ್ತಾನೆ, ಮತ್ತೆಂದೂ ಕ್ಯಾಮೆರಾ ಮುಟ್ಟುವುದಿಲ್ಲ. ಓದುಗರು ನಿಟ್ಟುಸಿರು ಬಿಡುತ್ತಾರೆ.

ಎರಡು: ಊರವರೆಲ್ಲ ಸೇರಿದಾಗ ಅವನು ಎದ್ದು ನಿಂತು ಸತ್ಯದ ಬಗ್ಗೆ ಒಂದೂವರೆ ಪುಟ ಭಾಷಣ ಮಾಡುತ್ತಾನೆ.

ಎರಡನ್ನೂ ಅವನ ಮುಂದಿಟ್ಟೆ. ನಂಗೆ ಭಾಷಣ ಬರಲ್ಲ ಎಂದ. ಡಿಲೀಟ್ ಮಾಡೋಕೂ ಬರಲ್ಲ, ಅದನ್ನ ಮಗಳೇ ಮಾಡಿಕೊಡಬೇಕು ಎಂದ. ಹೆಂಡತಿ ಅನ್ನದ ನೀರು ಬಸಿಯುತ್ತಿದ್ದವಳು ತಿರುಗದೆಯೇ, ಇಬ್ಬರೂ ಕೂತು ಬರೀತಾನೇ ಇರಿ, ಅಲ್ಲಿ ಆ ಹೆಂಗಸು ಬಾಗಿಲು ತೆಗೆದರೆ ಮುಖಕ್ಕೆ ಕಲ್ಲುಕಂಬ ಎಂದಳು. ಆ ಮಾತು ನನಗೂ ಸೇರಿಸಿಯೇ ಹೇಳಿದ್ದು.

೫

ನಡೆದದ್ದು ಇಷ್ಟು. ಮರುದಿನ ಮಧ್ಯಾಹ್ನ ಅವನು ಫೋಟೋವನ್ನು ಗೋಡೆಯಿಂದ ಇಳಿಸಿ ಅಣ್ಣನ ಮನೆಗೆ ಹೋದ. ಅಣ್ಣ ಊಟಕ್ಕೆ ಕೂತಿದ್ದ. ಅತ್ತಿಗೆ ಇನ್ನೊಂದು ತಟ್ಟೆ ಹಾಕಿದಳು. ಅವನು ನಿಂತೇ ಇದ್ದ.

"ಇದರದೊಂದು ಕಾಪಿ ಟೈಲರಮ್ಮಂಗೆ ಕೊಡ್ತಿದೀನಿ. ನಿನಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು ಅಂತ ಬಂದೆ."

ಅಣ್ಣ ತುತ್ತು ಕೆಳಗಿಡಲಿಲ್ಲ, ಬಾಯಿಗೂ ಇಡಲಿಲ್ಲ. ಅತ್ತಿಗೆ ಫೋಟೋ ಕೈಗೆ ತೆಗೆದುಕೊಂಡು ನೋಡಿದಳು. ಕಂಬ ಕೀಳೋ ದಿನ ಹಾರೆ ತಂದುಕೊಟ್ಟಿದ್ದು ನಾನೇ ಎಂದು ಯಾರಿಗೆಂದಿಲ್ಲದೆ ಹೇಳಿ ಒಳಗೆ ಹೋದಳು.

ಅಂದಿನಿಂದ ಅಣ್ಣನ ಮನೆಯ ಕಾಳು ಪಕ್ಕದೂರಿನ ಗಿರಣಿಗೆ ಹೋಗತೊಡಗಿತು. ಕ್ಯಾಮೆರಾ ಅದನ್ನು ದೂರದಿಂದ ನೋಡಿದ: ಸೈಕಲ್ಲು, ಹಿಂದೆ ಚೀಲ, ಏರು ದಾರಿಯಲ್ಲಿ ಇಳಿದು ತಳ್ಳುವ ಅರವತ್ತರ ಮನುಷ್ಯ. ಒಳ್ಳೆಯ ಫ್ರೇಮು. ಅವನು ಕ್ಯಾಮೆರಾ ಎತ್ತಲಿಲ್ಲ.

೭

(ಆರನೆಯದರಲ್ಲಿ ಅಣ್ಣತಮ್ಮಂದಿರು ಅಪ್ಪಿಕೊಂಡು ಅಳುತ್ತಿದ್ದರು. ಹರಿದು ಹಾಕಿದ್ದೇನೆ.)

ಸರ್ವೆಯವರು ಟೈಲರಮ್ಮ ಒಯ್ದ ಫೋಟೋ ನೋಡಿ, ಬೇಲಿ ಹಿಂದೆ ಸರಿಯಬೇಕು ಎಂದು ಬರೆದರು. ಒಪ್ಪಿಗೆ ಇಲ್ಲದಿದ್ದರೆ ಮೇಲಿನವರಿಗೆ ಅರ್ಜಿ ಹಾಕಬಹುದು ಎಂದೂ ಬರೆದರು. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಗಿರಣಿ ನಿಂತ ಹೊತ್ತಿಗೆ ಅಣ್ಣ ಬಂದ. ಒಗೆದ ಅಂಗಿ, ನೀರು ಹಚ್ಚಿ ಬಾಚಿದ ಕೂದಲು. ಅರ್ಜಿಗೆ ಅಂಟಿಸಲು ಫೋಟೋ ಬೇಕಂತೆ.

ತಮ್ಮನ ಪುರಾವೆಯ ವಿರುದ್ಧದ ಅರ್ಜಿಗೆ ತಮ್ಮನೇ ಫೋಟೋ ಹಿಡಿಯಬೇಕು. ಪೇಟೆಯಲ್ಲಿ ಸ್ಟುಡಿಯೋ ಇದೆಯಲ್ಲ ಎಂದು ಕೇಳಿದವಳು ಕ್ಯಾಮೆರಾನ ಹೆಂಡತಿ.

"ಅಲ್ಲಿ ತೆಗೆಸಿದೆ. ಕಳ್ಳನ ಥರ ಬಂದಿದೀನಿ" ಎಂದ ಅಣ್ಣ.

ಯಾರೂ ನಗಲಿಲ್ಲ. ಅವಳು ಒಳಗಿನಿಂದ ಸ್ಟೂಲು ತಂದಳು. ಅಂಗಳದ ಹಗ್ಗದ ಮೇಲೆ ಬಿಳಿ ದುಪ್ಪಟಿ ಹರಡಿದ್ದಾಯಿತು. ಅಣ್ಣ ಮೊಣಕಾಲ ಮೇಲೆ ಕೈಯಿಟ್ಟು, ಶಾಲೆ ಬಿಟ್ಟ ದಿನ ಹೇಗೆ ಕೂತಿದ್ದನೋ ಹಾಗೆ ಕೂತ. (ಈ ಹೋಲಿಕೆ ನನ್ನದಲ್ಲ, ತಮ್ಮನದು.) ತಮ್ಮ ಕಿಂಡಿಗೆ ಕಣ್ಣಿಟ್ಟ. ಫೋಕಸ್ಸಿನ ಉಂಗುರವನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ.

ಅರ್ಜಿಯ ಗತಿ ಏನಾಯಿತು, ಮರ ಯಾರ ಪಾಲಾಯಿತು ಎಂದು ನೀವು ಕೇಳುತ್ತೀರಿ. ನನಗೂ ಕೆಲಸವಿದೆ, ಇದನ್ನು ಮುಗಿಸಿ ಎಡಿಟರಿಗೆ ಕಳಿಸಬೇಕು. ಬಟನ್ ಒತ್ತೋ ಪುಣ್ಯಾತ್ಮ ಎಂದೆ.

ಅವನು ಕಿಂಡಿಯಿಂದ ಕಣ್ಣು ಕೀಳಲಿಲ್ಲ.

"ತಡೀರಿ" ಎಂದ. "ಮೋಡ ಸರೀಲಿ. ಮುಖದ ಮೇಲೆ ನೆರಳಿದೆ."

ಅಣ್ಣ ಅಲುಗಾಡದೆ ಕೂತಿದ್ದಾನೆ.