ಮಸ್ಕತ್ತಿನ ಕಾರಿಗೆ ಕಮಲಾಪುರದ ಬೆಲೆ

ಭುವನೇಶ್ವರಿ ಒಂಬತ್ತು ವರ್ಷ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ದುಡಿದು, ಮೇ ತಿಂಗಳ ಕೊನೆಗೆ ಕಲಬುರಗಿಗೆ ವಾಪಸು ಬಂದಳು. ಜೇವರ್ಗಿ ಕಾಲೋನಿಯ ಎರಡಂತಸ್ತಿನ ಮನೆ, ಮನೆ ಮುಂದಿನ ಬೂದು ಬಣ್ಣದ ಕಾರು, ಮಗಳ ಟ್ಯೂಷನ್ ಫೀಸು, ಎಲ್ಲವೂ ಅವಳ ಸಂಬಳದಿಂದಲೇ ಆಗಿದ್ದವು. ಗೇಟಿನ ಕಲ್ಲಿನ ಮೇಲೆ ಮಾತ್ರ ಅವಳ ಗಂಡ ಸೂರ್ಯಕಾಂತನ ಹೆಸರು, ಅದರ ಮುಂದೆ ಬಿ.ಎಸ್ಸಿ., ಬಿ.ಎಡ್. ಅವನು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ.

ಮಸ್ಕತ್ತಿನಲ್ಲಿ ಅವಳದೆಂದು ಉಳಿದದ್ದು ಒಂದೇ ವಸ್ತು. ಹನ್ನೊಂದು ವರ್ಷ ಹಳೆಯ ಬಿಳಿ ಜಪಾನಿ ಕಾರು. ಅದನ್ನು ಗೆಳತಿ ಫರೀದಾಳ ಬಿಲ್ಡಿಂಗಿನ ಕೆಳಗೆ ನಿಲ್ಲಿಸಿ, ಮಾರುವುದಕ್ಕೆ ಬೇಕಾದ ಅಧಿಕಾರಪತ್ರವನ್ನೂ ಅವಳ ಕೈಗೆ ಕೊಟ್ಟು ಬಂದಿದ್ದಳು. ಫರೀದಾ ಹುಮನಾಬಾದಿನವಳು, ಅದೇ ಆಸ್ಪತ್ರೆಯ ನರ್ಸ್. ಜುಲೈ ಕೊನೆಗೆ ಭುವನೇಶ್ವರಿಯ ವೀಸಾ ಮುಗಿಯುತ್ತಿತ್ತು. ಅಷ್ಟರೊಳಗೆ ಗಾಡಿ ಇನ್ನೊಬ್ಬರ ಹೆಸರಿಗೆ ಆಗಬೇಕಿತ್ತು.

ಜೂನ್ ಮೊದಲ ವಾರ ಫರೀದಾ ಫೋನ್ ಮಾಡಿದಳು. "ಭುವನಾ, ಜಾಹೀರಾತು ಹಾಕ್ತೀನಿ. ಎಷ್ಟು ಅಂತ ಬರೀಲಿ?"

ಭುವನೇಶ್ವರಿ ಆ ಕೆಲಸವನ್ನು ವಿಮಾನ ಹತ್ತುವ ಮೊದಲೇ ಮುಗಿಸಿದ್ದಳು. ಅದೇ ಮಾದರಿಯ, ಒಂದು ವರ್ಷ ಹಿಂದುಮುಂದಿನ ಹದಿನೈದು ಕಾರುಗಳ ಬೆಲೆಯನ್ನು ಆನ್‌ಲೈನ್ ಜಾಹೀರಾತುಗಳಲ್ಲಿ ಒಂದು ತಿಂಗಳು ದಿನಾ ನೋಡಿದ್ದಳು. ಎರಡೂವರೆ ಸಾವಿರ ರಿಯಾಲ್ ಕೇಳಿದವು ನಿಂತಲ್ಲೇ ನಿಂತಿದ್ದವು; ಅಂಥವನ್ನು ಲೆಕ್ಕದಿಂದ ತೆಗೆದಳು. ಸಾವಿರದ ಎಂಟುನೂರರ ಸುತ್ತ ಕೇಳಿದವು ವಾರದೊಳಗೆ ಮಾಯವಾಗಿದ್ದವು. ಹಾಗಾದರೆ ಪೇಟೆಯ ಖರೆ ಬೆಲೆ ಅದು. ಅದರಲ್ಲಿ ಸವೆದ ಟೈರಿಗೆ ಎಪ್ಪತ್ತು ಕಳೆದಳು. ಎ.ಸಿ. ಕಂಪ್ರೆಸರ್ ಮಧ್ಯಾಹ್ನದ ಹೊತ್ತು ಕಿರುಗುಟ್ಟುತ್ತಿತ್ತು, ಅದಕ್ಕೆ ನೂರು. ಪ್ರತಿ ಸರ್ವಿಸಿನ ಚೀಟಿಯೂ ಇತ್ತು, ಅದಕ್ಕೆ ಐವತ್ತು ಕೂಡಿಸಿದಳು. ಸಾವಿರದ ಏಳುನೂರು ಕೇಳುವುದು, ಸಾವಿರದ ಆರುನೂರೈವತ್ತಕ್ಕೆ ಕೊಡುವುದು ಎಂದು ಲೆಕ್ಕದ ಹಾಳೆಯ ಕೊನೆಗೆ ಬರೆದಿಟ್ಟಿದ್ದಳು. ಬೇಗ ಮಾಡಬೇಕು, ಜುಲೈ ಬಂತೆಂದರೆ ಊರಿಗೆ ಹೋಗುವವರೆಲ್ಲ ಗಾಡಿ ಮಾರಲು ನಿಂತು ಬೆಲೆ ಬೀಳುತ್ತದೆ.

"ಸಾವಿರದ ಏಳುನೂರು ಬರಿ," ಎಂದಳು.

ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಸೂರ್ಯಕಾಂತ ಕೆಂಪು ಪೆನ್ನು ಎತ್ತಿದ. "ತಡಿ ತಡಿ. ಸಾವಿರದ ಏಳುನೂರು ಅಂದ್ರ ನಮ್ಮ ರೂಪಾಯಿ ಎಷ್ಟಾತು?"

"ಮೂರು ಮುಕ್ಕಾಲು ಲಕ್ಷದ ಹತ್ರ ಆಗ್ತದ್ರಿ."

"ಫಾರಿನ್ ಗಾಡಿ ಮೂರು ಮುಕ್ಕಾಲು ಲಕ್ಷಕ್ಕ? ಯಾರರ ಕೇಳಿದ್ರ ನಗ್ತಾರ. ಫೋನ್ ಇಡು. ನಾ ನೋಡ್ತೀನಿ."

ಗಾಡಿ ಅಲ್ಲಿಯೇ ಕೊಂಡದ್ದು, ಅಲ್ಲಿಯೇ ಮಾರುವುದು. ಅಲ್ಲಿ ಅದು ಫಾರಿನ್ ಅಲ್ಲ, ಮನೆಮನೆಗೊಂದು ಇರುವಂಥದ್ದು ಎಂದು ಭುವನೇಶ್ವರಿ ಬಿಡಿಸಿ ಹೇಳಿದಳು. ಸೂರ್ಯಕಾಂತ ಪೂರ್ತಿ ಕೇಳಿದ. ಕೇಳಿ, "ನಿನಗ ವ್ಯವಹಾರ ತಿಳಿಯಂಗಿಲ್ಲ ಭುವನಾ," ಎಂದ. ಒಂಬತ್ತು ವರ್ಷ ಪ್ರತಿ ತಿಂಗಳು ಹಣ ಬಂದು ಬೀಳುವುದನ್ನು ನೋಡಿದ್ದವನು ಅವನು. ಆ ಹಣದಲ್ಲಿ ತನ್ನ ಕೈಯಿಂದ ಆದದ್ದೆಂದರೆ ಬ್ಯಾಂಕಿನ ಚೀಟಿಗೆ ಸಹಿ ಹಾಕಿದ್ದು ಮಾತ್ರ. ಈ ಒಂದು ವ್ಯಾಪಾರವಾದರೂ ತನ್ನ ಕೈಯಿಂದ ಆಗಲಿ ಎಂಬ ಆಸೆ ಅವನ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಅದನ್ನು ಕಂಡೇ ಅವಳು ಸುಮ್ಮನಾದಳು. ತಪ್ಪು ಅಲ್ಲಿಯೇ ಆಯಿತು.

ಭಾನುವಾರ ಇಬ್ಬರೂ ಕಮಲಾಪುರಕ್ಕೆ ಹೊರಟರು. ಅಲ್ಲಿ ಸೂರ್ಯಕಾಂತನ ಸೋದರಮಾವ ದೌಲಪ್ಪ ಹೆದ್ದಾರಿ ಪಕ್ಕದಲ್ಲಿ ಹಳೆ ಟ್ರಾಕ್ಟರ್, ಟೆಂಪೊ, ಜೀಪು ಕೊಂಡು ಮಾರುತ್ತಿದ್ದರು. ವಾಹನದ ವಿಷಯದಲ್ಲಿ ದೌಲಪ್ಪ ಮಾಮಾ ಹೇಳಿದ್ದೇ ಕೊನೆ ಎಂಬುದು ಮನೆತನದಲ್ಲಿ ಯಾರೂ ಪರೀಕ್ಷಿಸಿ ನೋಡದ ನಂಬಿಕೆ.

ಭುವನೇಶ್ವರಿ ಕಾರಿನ ಕೀಲಿಗೆ ಕೈ ಚಾಚಿದಳು. "ನಾ ಓಡಸ್ತೀನ್ರಿ."

"ಬ್ಯಾಡ. ಇಲ್ಲಿ ಟ್ರಾಫಿಕ್ ಬ್ಯಾರೆ ಅದ. ಹೆಣ್ಮಕ್ಕಳಿಗಿ ಆಗಂಗಿಲ್ಲ," ಎಂದು ಸೂರ್ಯಕಾಂತ ತಾನೇ ಕುಳಿತ. ಮಸ್ಕತ್ತಿನಲ್ಲಿ ಅವಳು ನೂರಿಪ್ಪತ್ತರ ವೇಗದಲ್ಲಿ ಲಕ್ಷಕ್ಕೂ ಮೇಲೆ ಕಿಲೋಮೀಟರ್ ಓಡಿಸಿದ್ದಳು, ಒಂದು ಗೀರೂ ಬಿದ್ದಿರಲಿಲ್ಲ. ಅವನು ಮಹಾಗಾಂವ ದಾಟುವಷ್ಟರಲ್ಲಿ ಎರಡು ಸಲ ಎಂಜಿನ್ ಬಂದ್ ಮಾಡಿಕೊಂಡ; ಎರಡನೆಯ ಸಲ ಹಿಂದಿನ ಬಸ್ಸಿನ ಡ್ರೈವರ್ ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ.

ದೌಲಪ್ಪ ಮಾಮಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಊರಿನ ಕೆಂಪು ಬಾಳೆಹಣ್ಣು ಸುಲಿದು ಕೊಟ್ಟರು. ವಿಷಯ ಕೇಳಿ ಕಣ್ಣು ಮುಚ್ಚಿದರು.

"ಎಂಜಿನ್ನಿನ ಸಪ್ಪಳ ಕೇಳಲಾರದ ನಾ ಬೆಲೆ ಹೇಳಂಗಿಲ್ಲ," ಎಂದರು.

ಹೀಗಾಗಿ ಮಸ್ಕತ್ತಿಗೆ ವಿಡಿಯೋ ಕಾಲ್ ಹೋಯಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಫರೀದಾ ಎದ್ದು, ನಲವತ್ತಾರು ಡಿಗ್ರಿ ಬಿಸಿಲಿನಲ್ಲಿ ಕೆಳಗಿಳಿದು, ಎಂಜಿನ್ ಚಾಲೂ ಮಾಡಿ, ಬಾನೆಟ್ ತೆರೆದು ಫೋನ್ ಹಿಡಿದಳು. ಕಮಲಾಪುರದಲ್ಲಿ ದೌಲಪ್ಪ ಫೋನನ್ನು ಕಿವಿಗೆ ಒತ್ತಿಕೊಂಡರು. ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ಮರಳಿನ ಲಾರಿಯೊಂದು ಗುಡುಗುತ್ತ ಹೋಯಿತು.

"ಎಂಜಿನ್ ಗಟ್ಟಿ ಅದ," ಎಂದರು ದೌಲಪ್ಪ.

ಆಮೇಲೆ ಒಳಗಿನ ಭಾಗ ತೋರಿಸಲು ಹೇಳಿದರು. ನೋಡಿ ಹುಬ್ಬು ಗಂಟಿಕ್ಕಿದರು. "ಸ್ಟೇರಿಂಗ್ ಎಡಗಡಿ ಅದಲ್ಲೋ. ಇಪ್ಪತ್ತು ಸಾವಿರ ಕಡಿಮಿ ಹಿಡಿ."

"ಮಾಮಾ, ಅಲ್ಲಿ ಎಲ್ಲಾ ಗಾಡಿಗೂ ಎಡಗಡೀನೇ ಇರ್ತದ."

"ಹಂಗೇನು? ಹಂಗಾದ್ರ ಇಪ್ಪತ್ತು ಸಾವಿರ ಜಾಸ್ತಿ ಹಿಡಿ."

ಗಣಿತದ ಮಾಸ್ತರ್ ಬರೆದುಕೊಂಡ.

ಇಂಥ ಗಾಡಿ ನಮ್ಮಲ್ಲಿ ಏಳು ಲಕ್ಷಕ್ಕೆ ಹೋಗುತ್ತದೆ ಎಂದು ದೌಲಪ್ಪ ಬುನಾದಿ ಹಾಕಿದರು. ಆಮೇಲೆ ಭುವನೇಶ್ವರಿಯ ಕಡೆ ಮೊದಲ ಸಲ ತಿರುಗಿದರು. "ಯವ್ವಾ, ಗಾಡಿ ನೀ ಒಬ್ಬಾಕೀನೇ ಓಡಿಸೀಯೇನು?"

"ಹೌದ್ರಿ ಮಾಮಾ."

"ಸೂರ್ಯಾ, ಬರಕೋ. ಲೇಡೀಸ್ ಓಡಿಸಿದ ಗಾಡಿ. ಐವತ್ತು ಸಾವಿರ ಜಾಸ್ತಿ! ಹೆಣ್ಮಕ್ಕಳು ಸಾವಕಾಶ ಓಡಸ್ತಾರ, ಗೇರ್ ಹಾಳ ಮಾಡಂಗಿಲ್ಲ. ಇದನ್ನ ದಪ್ಪ ಅಕ್ಷರದಾಗ ಹಾಕು."

ಸೂರ್ಯಕಾಂತ ದಪ್ಪ ಅಕ್ಷರದಲ್ಲಿ ಬರೆದುಕೊಂಡ. ಅವನ ಜೇಬಿನಲ್ಲಿದ್ದ ಕಾರಿನ ಕೀಲಿಯ ಕಡೆ ಭುವನೇಶ್ವರಿ ನೋಡಿದಳು. ನಗು ಬಂತು, ಬಾಳೆಹಣ್ಣು ಬಾಯಿಗಿಟ್ಟುಕೊಂಡಳು.

"ಮಾಮಾ, ಕಂಪ್ರೆಸರ್ ಸಪ್ಪಳ ಮಾಡ್ತದ. ಅದನ್ನ ಕಳೀಬೇಕಲ್ರಿ," ಎಂದಳು.

"ಅದನ್ನ ಹೇಳಂಗಿಲ್ಲ ಯವ್ವಾ. ವ್ಯಾಪಾರದಾಗ ನಾವು ಹೇಳೂದು ಅಲ್ಲ, ಅವರು ಹುಡುಕೂದು. ಇಲ್ಲಿ ನಾ ಗಿರಾಕಿ ಚಪ್ಪಲ್ ನೋಡಿ ಭಾವ ಹೇಳ್ತೀನಿ. ಮಸ್ಕತ್ತಿನವರ ಚಪ್ಪಲ್ ಇಲ್ಲಿಂದ ಕಾಣಂಗಿಲ್ಲ. ಹಂಗಾಗಿ ಎಲ್ಲಾರೂ ಶೇಖ್ ಅದಾರ ಅಂತ ತಿಳಕೋಬೇಕು."

ಎಲ್ಲ ಕೂಡಿಸಿ, ರಿಯಾಲಿಗೆ ಭಾಗಿಸಿ, ಚೌಕಾಸಿಗೆ ಒಂದಿಷ್ಟು ಬಿಟ್ಟು, ನಾಲ್ಕು ಸಾವಿರ ರಿಯಾಲ್ ಎಂದು ಗೊತ್ತಾಯಿತು. ಜಾಹೀರಾತಿಗೆ ಸೂರ್ಯಕಾಂತನ ಕಲಬುರಗಿಯ ನಂಬರ್ ಹಾಕಬೇಕೆಂದೂ ಠರಾವಾಯಿತು. "ಫರೀದಾ ಒಳ್ಳೆ ಹುಡುಗಿ ಖರೆ, ಆದ್ರ ಸಸ್ತಾ ಮಾಡಿಬಿಡ್ತಾಳ," ಎಂದು ದೌಲಪ್ಪ ಕಾರಣ ಕೊಟ್ಟರು. ಫೋನ್ ಇನ್ನೂ ಚಾಲೂ ಇತ್ತು.

"ಅಂಕಲ್, ಬಾನೆಟ್ ಮುಚ್ಚಲೇನ್ರಿ? ಕೈ ಸುಡ್ಲಿಕತ್ತದ," ಎಂದಳು ಫರೀದಾ.

ಒಂದು ವಾರ ಯಾರೂ ಫೋನ್ ಮಾಡಲಿಲ್ಲ. ಸೂರ್ಯಕಾಂತ ಸ್ಟಾಫ್ ರೂಮಿನಲ್ಲಿ ಫೋನನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕುಳಿತ. "ಒಮಾನಿನ ಪಾರ್ಟಿ ಮಾಡಬಹುದು," ಎಂದು ಹೆಡ್ಮಾಸ್ಟರಿಗೂ ಹೇಳಿದ್ದ. ಎರಡನೆಯ ವಾರ ಒಬ್ಬ ಫೋನ್ ಮಾಡಿ, ಅರಬ್ಬಿಯಲ್ಲಿ ಏನೋ ಕೇಳಿ, ಉತ್ತರಕ್ಕೆ ಕಾಯದೆ ಗಟ್ಟಿಯಾಗಿ ನಕ್ಕು ಇಟ್ಟ. "ಗಿರಾಕಿಗೆ ಆಸೆ ಆಗ್ಯದ," ಎಂದರು ಕಮಲಾಪುರದಿಂದ ದೌಲಪ್ಪ. "ಬೆಲೆ ಇಳಿಸಬ್ಯಾಡ."

ಅತ್ತ ಫರೀದಾಳ ಬಿಲ್ಡಿಂಗಿನವರು ಗಾಡಿ ತೆಗೆಯಿರಿ, ಇಲ್ಲವೇ ತಿಂಗಳಿಗೆ ಹದಿನೈದು ರಿಯಾಲ್ ಕೊಡಿರಿ ಎಂದು ಚೀಟಿ ಅಂಟಿಸಿದರು. ಜುಲೈ ಹುಟ್ಟಿತು. ಅದೇ ಮಾದರಿಯ ಇನ್ನೂ ಎಂಟು ಕಾರುಗಳು ಮಾರಾಟಕ್ಕೆ ಬಂದವು. ಭುವನೇಶ್ವರಿ ದಿನಾ ನೋಡುತ್ತಿದ್ದಳು: ಸಾವಿರದ ಆರುನೂರು, ಸಾವಿರದ ಐನೂರೈವತ್ತು. ಗಂಡನಿಗೂ ತೋರಿಸಿದಳು.

"ಅವೆಲ್ಲಾ ಗಂಡಸರು ಓಡಿಸಿದ ಗಾಡಿ," ಎಂದ ಅವನು.

ಜುಲೈ ಎಂಟಕ್ಕೆ ದಾನಿಶ್ ಎಂಬುವನ ಫೋನ್ ಬಂತು. ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್. ಹೆಂಡತಿ, ಮಗುವನ್ನು ಕರೆಸಿಕೊಳ್ಳುತ್ತಿದ್ದ, ಅದಕ್ಕೆ ಕಾರು ಬೇಕಿತ್ತು. ಜಾಹೀರಾತಿನಲ್ಲಿ ಭಾರತದ ನಂಬರ್ ಕಂಡು ಮೊದಲು ಹಿಂದಿಯಲ್ಲಿ ಮಾತು ತೆಗೆದ. ಸೂರ್ಯಕಾಂತನ ಹಿಂದಿ ಕೇಳಿದ ಕೂಡಲೆ ಕನ್ನಡಕ್ಕೆ ಬಂದ.

"ಸರ್, ನೀವು ಗುಲ್ಬರ್ಗಾ ಕಡೆಯವ್ರೇನ್ರಿ? ನಂದು ಕುಸನೂರ್ರಿ!"

ಸೂರ್ಯಕಾಂತನ ಮುಖ ಅರಳಿತು. "ಅರೆ, ನಮ್ಮೂರವನೇ! ಹಂಗಾದ್ರ ಮಾತು ಸರಳ ಆಯ್ತು. ಮೂರು ಸಾವಿರದ ಒಂಬೈನೂರು ಕೊಡಪ್ಪ."

"ಸರ್, ಅದಕ್ಕ ಇನ್ನೊಂದೀಟು ಹಾಕಿದ್ರ ಇಲ್ಲಿ ಶೋರೂಮಿನಿಂದ ಹೊಸಾದ ಬರ್ತದ್ರಿ."

"ಊರವನಾಗಿ ಊರವರ ಕೂಡ ಚೌಕಾಸಿ ಮಾಡ್ತೀಯೇನು?"

"ಊರವರಾಗಿ ಊರವನ ಚರ್ಮ ಸುಲೀತೀರೇನ್ರಿ ಸರ್?" ಎಂದ ದಾನಿಶ್, ನಗುತ್ತಲೇ.

ಸೂರ್ಯಕಾಂತನಿಗೆ ಸಿಟ್ಟು ಬಂತು. ಲೇಡೀಸ್ ಓಡಿಸಿದ ಗಾಡಿ ಎಂದು ಎರಡು ಸಲ ಹೇಳಿದ. ದಾನಿಶ್, "ಹಂಗಾದ್ರ ಅವ್ರ ಕೈಯಾಗ ಫೋನ್ ಕೊಡ್ರಿ ಸರ್. ಗಾಡಿ ಬಗ್ಗೆ ಅವ್ರಿಗೇ ಗೊತ್ತಿರ್ತದ," ಎಂದ.

ಒಂದು ತಿಂಗಳಿನಲ್ಲಿ ಯಾರಿಗೂ ಹೊಳೆಯದ ಮಾತು ಅದು. ಸೂರ್ಯಕಾಂತ ಫೋನನ್ನು ಕೊಡಲಿಲ್ಲ, ಮೇಜಿನ ಮೇಲೆ ಇಟ್ಟ. ಭುವನೇಶ್ವರಿ ಎತ್ತಿಕೊಂಡು ಬಾಲ್ಕನಿಗೆ ಹೋದಳು.

"ನೋಡಪ್ಪ," ಎಂದಳು. "ಕಂಪ್ರೆಸರ್ ಮಧ್ಯಾಹ್ನ ಕಿರುಗುಟ್ತದ. ಈ ಬ್ಯಾಸಗಿ ತಡೀತದ, ಮುಂದಿಂದು ನಾ ಹೇಳಂಗಿಲ್ಲ. ಟೈರ್ ನಾಕೂ ಬದಲಿ ಮಾಡಬೇಕು. ಎಂಜಿನ್ ಚೊಲೋ ಅದ, ಸರ್ವಿಸ್ ಚೀಟಿ ಎಲ್ಲಾ ಫರೀದಾನ ಹತ್ರ ಅವ. ಸಾವಿರದ ಆರುನೂರು ಕೇಳ್ತೀನಿ. ನಿನ್ನ ಮೆಕ್ಯಾನಿಕ್‌ನ ಕರಕೊಂಡು ಹೋಗಿ ನೋಡು."

ದಾನಿಶ್, "ಅಕ್ಕಾ, ಸರ್ ಮೂರು ಸಾವಿರದ ಒಂಬೈನೂರು ಅಂದ್ರು," ಎಂದ ಅನುಮಾನದಿಂದ.

"ಅದು ಕಮಲಾಪುರದ ರೇಟು," ಎಂದಳು ಭುವನೇಶ್ವರಿ.

ಎರಡು ದಿನಕ್ಕೆ ಮೆಕ್ಯಾನಿಕ್ ನೋಡಿದ. ಅವಳು ಹೇಳಿದ್ದಕ್ಕಿಂತ ಒಂದೂ ದೋಷ ಹೆಚ್ಚು ಸಿಗಲಿಲ್ಲ. ಸಾವಿರದ ಐನೂರಕ್ಕೆ ಮಾತು ಮುಗಿಯಿತು. ಹೆಸರು ಬದಲಾಯಿತು, ಹಣ ಬಂತು. ಗಾಡಿ ಬೀದಿ ತಿರುವಿನಲ್ಲಿ ಮರೆಯಾಗುವುದನ್ನು ಫರೀದಾ ವಿಡಿಯೋ ಮಾಡಿ ಕಳಿಸಿದಳು. ಭುವನೇಶ್ವರಿ ಅದನ್ನು ಅಡುಗೆಮನೆಯಲ್ಲಿ ನಿಂತು ಮೂರು ಸಲ ನೋಡಿದಳು. ಕೊರೊನಾ ಕಾಲದಲ್ಲಿ ಪಾಳಿ ಮುಗಿಸಿ, ಯಾರ ಕಣ್ಣಿಗೂ ಬೀಳದಂತೆ ಅವಳು ಅತ್ತದ್ದು ಆ ಕಾರಿನೊಳಗೆ. ಅದಕ್ಕೆ ಮಾತ್ರ ಅವಳು ಬೆಲೆ ಹಿಡಿದಿರಲಿಲ್ಲ.

ಸೂರ್ಯಕಾಂತ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ, "ನಿನ್ನ ಆ ಲೆಕ್ಕದ ಹಾಳಿ ತೋರಸು," ಎಂದ. ಭುವನೇಶ್ವರಿ ಕೊಟ್ಟಳು. ಅವನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಒಂದು ತಿಂಗಳು ತಡ ಮಾಡಿದ್ದಕ್ಕೆ ನೂರೈವತ್ತು ರಿಯಾಲ್ ಹೋಗಿತ್ತು, ಪಾರ್ಕಿಂಗಿನದು ಬೇರೆ. ಮೂವತ್ತಮೂರು ಸಾವಿರ ರೂಪಾಯಿಗಿಂತ ಮೇಲೆ. ಅದನ್ನು ಅವಳು ಬರೆದಿರಲಿಲ್ಲ, ಅವನೇ ಮನಸ್ಸಿನಲ್ಲಿ ಕಳೆದುಕೊಂಡ. ಗಣಿತದವನಿಗೆ ಅಷ್ಟು ಬರುತ್ತಿತ್ತು.

"ಟೈರಿಗಿ ಎಪ್ಪತ್ತು ಜಾಸ್ತಿ ಆಯ್ತು," ಎಂದ ಕೊನೆಗೆ. "ಅರವತ್ತು ಸಾಕಿತ್ತು."

"ಹೌದ್ರಿ, ಅರವತ್ತು ಸಾಕಿತ್ತು," ಎಂದು ಭುವನೇಶ್ವರಿ ಹಾಳೆ ವಾಪಸು ತೆಗೆದುಕೊಂಡಳು.

ಕಮಲಾಪುರದಲ್ಲಿ ಮಾತ್ರ ಸುದ್ದಿ ಬೇರೆಯೇ ಹಬ್ಬಿತು. ದೌಲಪ್ಪ ಫೋನಿನಲ್ಲಿಯೇ ಸಪ್ಪಳ ಕೇಳಿ ಮಸ್ಕತ್ತಿನ ಗಾಡಿ ಮಾರಿಸಿದರಂತೆ ಎಂದು ಜನ ಆಡಿಕೊಂಡರು. ದೌಲಪ್ಪ ಅಲ್ಲ ಎನ್ನಲಿಲ್ಲ. ಆಗಸ್ಟಿನಲ್ಲಿ ಮಹಾಗಾಂವದವರೊಬ್ಬರು ಶಾರ್ಜಾದಲ್ಲಿ ತಮ್ಮ ಅಳಿಯ ಮಾರಬೇಕೆಂದಿದ್ದ ಕಾರಿಗೆ ಬೆಲೆ ಕೇಳಲು ಅವರ ಅಂಗಳಕ್ಕೆ ಬಂದರು. ದೌಲಪ್ಪ ಅವರನ್ನು ಕುಳ್ಳಿರಿಸಿ, ಬಾಳೆಹಣ್ಣು ಕೊಟ್ಟು, ಗೋದಾಮಿನ ಹಿಂದೆ ಹೋಗಿ ಭುವನೇಶ್ವರಿಗೆ ಸಣ್ಣ ದನಿಯಲ್ಲಿ ಫೋನ್ ಮಾಡಿದರು.

"ಯವ್ವಾ, ಅದು ಹ್ಯಾಂಗ ಲೆಕ್ಕಾ ಮಾಡ್ತಾರ ಸ್ವಲ್ಪ ಹೇಳು. ಸಾವಕಾಶ ಹೇಳು, ಬರಕೊಳ್ಳಾಕತ್ತೀನಿ."

ಭುವನೇಶ್ವರಿಗೆ ಕಲಬುರಗಿಯಲ್ಲಿ ಆಗಷ್ಟೇ ಸೇರಿದ್ದ ಹೊಸ ಆಸ್ಪತ್ರೆಯಲ್ಲಿ ಪಾಳಿ ಶುರುವಾಗಲು ಹತ್ತು ನಿಮಿಷ ಇತ್ತು. ಹೇಳಿದಳು. ದೌಲಪ್ಪ ಎಲ್ಲ ಬರೆದುಕೊಂಡು ಅಂಗಳಕ್ಕೆ ಮರಳಿ, ಕುರ್ಚಿಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಶಾರ್ಜಾದ ಅಳಿಯ ಎಂಜಿನ್ ಸಪ್ಪಳ ಕೇಳಿಸುತ್ತಿದ್ದ ಫೋನನ್ನು ಕಿವಿಗೆ ಒತ್ತಿಕೊಂಡರು.